ಮಣ್ಣಿಲ್ಲದ ಸ್ನಾನ

ಮಾರ್ಚ್ ೧೪, ಶುಕ್ರವಾರ

ಆ ಕೋಳಿ ಕಣ್ಣಿಂದ ಹೋಗುತ್ತಲೇ ಇಲ್ಲ. ಪ್ರಾಣಿದಯಾ ಸಂಘಕ್ಕಾಗಿ ಪಂಜರದ ಕೋಳಿಗಳ ವಿಡಿಯೊ ನೋಡಿ, ಅವು ಮಾಡುವುದನ್ನೆಲ್ಲ ಪಟ್ಟಿಯಲ್ಲಿ ಗುರುತು ಹಾಕುವುದು ನನ್ನ ಕೆಲಸ. ಅಂಗಳದ ಕೋಳಿಗಳು ಮೈ ಶುಚಿಗೆಂದು ಮಣ್ಣಲ್ಲಿ ಹೊರಳುತ್ತವಲ್ಲ, ಹಾಗೇ ಇವತ್ತು ಒಂದು ಕೋಳಿ ಬರಿಯ ತಂತಿಯ ಮೇಲೆ ಮಲಗಿ, ರೆಕ್ಕೆ ಬಡಿದು, ಇಲ್ಲದ ಮಣ್ಣನ್ನು ಮೈಮೇಲೆ ಎರಚಿಕೊಂಡಿತು.

ಪಂಜರ ಬೇಡವೆಂಬ ಅಭಿಯಾನ ನಡೆಸುವವಳು ತಂಗಿಯ ಮಗಳೇ. “‘ಮಣ್ಣಿನ ಸ್ನಾನ’ ಅಂತ ಹಾಕ್ಲೇನೇ?” ಎಂದು ಅವಳನ್ನು ಕೇಳಿದೆ.

“ಹಾಕಿದ್ರೆ ಮುಗೀತು ದೊಡ್ಡಮ್ಮ! ಪಂಜರದಲ್ಲೂ ಸ್ನಾನ ಮಾಡ್ತವೆ, ಸುಖವಾಗಿವೆ ಅಂತಾರೆ ಮೊಟ್ಟೆ ಕಂಪನಿಯವರು. ಬಿಟ್ಬಿಡಿ.”

“ಕಣ್ಣಾರೆ ಕಂಡದ್ದನ್ನ ಹೇಗೆ ಬಿಡ್ಲಿ?”

ಹೊಸ ಕಾಲಂ ಒಂದನ್ನು ತೆರೆದು ಬರೆದೆ: ‘ಸ್ನಾನ ಮಾಡಿತು, ಮಣ್ಣಿರಲಿಲ್ಲ.’ ಅದನ್ನು ಓದಿದವಳೇ, “ವರದಿಯ ಮೊದಲ ಪುಟಕ್ಕೆ ಇದೇ ಇರಲಿ” ಎಂದಳು.

ಹುಟ್ಟಿದಂದಿನಿಂದ ಮಣ್ಣನ್ನೇ ಕಾಣದ ಆ ಕೋಳಿಗೆ ಇದನ್ನು ಕಲಿಸಿದವರಾರು? ಎದ್ದಮೇಲೆ ಮೈ ಬೇರೆ ಕೊಡವಿತು. ಏನು ಉದುರಿತೆಂದುಕೊಂಡಿತೋ…