ಗಾಜಿನ ಪೆಟ್ಟಿಗೆಯೊಳಗೆ ನಮ್ಮತ್ತೆಯ ಗುಂಡುಕಲ್ಲು

ಸ್ಮಾರಕ ಸಂರಕ್ಷಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಕೋಟೆಬಾಗಿಲಿನ ಪಕ್ಕದ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು, ‘ಕರಿಮೆಣಸು ತೂಗುವ ತೂಕದ ಕಲ್ಲು, ಹದಿನೇಳನೇ ಶತಮಾನ’ ಎಂದು ನೀವು ಫಲಕ ಹಾಕಿಸಿರುವ ವಸ್ತು ನನ್ನ ಅತ್ತೆಯವರ ಗುಂಡುಕಲ್ಲು. ಕಳೆದ ಫೆಬ್ರವರಿಯವರೆಗೆ ಅದು ಬಂದ್ಯೋಡಿನ ನಮ್ಮ ಮನೆಯ ಒರಳಿನಲ್ಲಿ ಚಟ್ನಿ ಅರೆಯುತ್ತಿತ್ತು. ದಯವಿಟ್ಟು ಹಿಂದಿರುಗಿಸಿ.

ಇಷ್ಟನ್ನೇ ಬರೆದಿದ್ದ ನನ್ನ ಮೊದಲ ಪತ್ರಕ್ಕೆ, ಕಲ್ಲು ನಮ್ಮದೆಂಬುದಕ್ಕೆ ವಿಲ್ಲೇಜ್ ಆಫೀಸಿನಿಂದ ದಾಖಲೆ ತರಬೇಕೆಂದು ನಿಮ್ಮ ಕಚೇರಿ ಉತ್ತರಿಸಿತು. ಹೋಗಿ ಕೇಳಿದೆ. ಜಾಗ ಯಾರ ವಶದಲ್ಲಿದೆ ಎಂಬುದಕ್ಕೆ ಅವರು ಕೈವಶ ಸರ್ಟಿಫಿಕೇಟ್ ಕೊಡುತ್ತಾರಂತೆ, ಒರಳಿಗೆ ಕೊಡುವ ಕ್ರಮ ಇನ್ನೂ ಬಂದಿಲ್ಲ. ನಕ್ಕು ಒಂದು ಚಹಾ ಕುಡಿಸಿದರು. ಈ ವಿಷಯದಲ್ಲಿ ಸರಕಾರದಿಂದ ನನಗೆ ದೊರೆತ ಪರಿಹಾರ ಸದ್ಯಕ್ಕೆ ಅಷ್ಟೇ. ಆದ್ದರಿಂದ ಈಗ ಎಲ್ಲರೆದುರೇ ಬರೆಯುತ್ತಿದ್ದೇನೆ. ಕೋಟೆಯ ಹೆಸರನ್ನು ಮಾತ್ರ ಹೇಳುವುದಿಲ್ಲ. ಅದಕ್ಕೂ ಒಂದು ಮರ್ಯಾದೆ ಉಂಟಲ್ಲ.

ನಡೆದದ್ದು ಇಷ್ಟು. ನನ್ನ ಮೈದುನ ಸುಧೀರ್ ಶಾರ್ಜಾದಿಂದ ಮರಳಿದವನು ಒಂದು ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಸೀತಾಂಗೋಳಿಯ ವರ್ಕ್‌ಶಾಪಿನಲ್ಲಿ ಅದಕ್ಕೆ ಮಂಚ, ಗ್ಯಾಸ್ ಒಲೆ, ತೊಟ್ಟಿ, ಪರದೆ ಎಲ್ಲ ಮಾಡಿಸಿದ. ಗಡಿನಾಡಾದ ನಮ್ಮ ಜಿಲ್ಲೆಯ ಕೋಟೆಗಳನ್ನೆಲ್ಲ ಸಂಸಾರ ಸಮೇತ ನೋಡುವುದೆಂದು ತೀರ್ಮಾನವಾಯಿತು. ಅತ್ತೆ ಪುಷ್ಪಾವತಿಯವರು ಒಂದೇ ಷರತ್ತು ಹಾಕಿದರು.

“ಮಿಕ್ಸಿಯ ಚಟ್ನಿ ತಿಂದು ಕೋಟೆ ನೋಡ್ಲಿಕ್ಕೆ ನಾನು ಬರುದಿಲ್ಲ.”

“ಅಮ್ಮ, ಇದು ವ್ಯಾನಾ, ಕಲ್ಲಿನ ಕೋರೆಯಾ?” ಎಂದ ಸುಧೀರ್.

“ನಿನ್ನ ಮಂಚ ಹಿಡಿದದೆ, ನನ್ನ ಕಲ್ಲು ಹಿಡಿಯುದಿಲ್ವಾ?”

ಸಣ್ಣ ಒರಳೂ ಅದರ ಗುಂಡುಕಲ್ಲೂ ವ್ಯಾನ್ ಹತ್ತಿದವು. ಮಂಚ ಮಾಡಿಸಿದ ಸುಧೀರ್ ಹ್ಯಾಂಡ್‌ಬ್ರೇಕ್ ಸರಿ ಮಾಡಿಸಿರಲಿಲ್ಲ. ನಿಮ್ಮ ಕೋಟೆಯ ಏರಿನಲ್ಲಿ ವ್ಯಾನ್ ಮೆಲ್ಲನೆ ಹಿಂದೆ ಜಾರತೊಡಗಿದಾಗ ಕೈಗೆ ಸಿಕ್ಕಿದ ಕಲ್ಲನ್ನೇ ಟಯರಿಗೆ ಅಡ್ಡ ಕೊಟ್ಟ. ಕೈಗೆ ಸಿಕ್ಕಿದ್ದು ಗುಂಡುಕಲ್ಲು. ಕೋಟೆ ನೋಡಿಯಾಯಿತು, ಫೋಟೋ ತೆಗೆದಾಯಿತು, ವ್ಯಾನ್ ಹೊರಟಿತು, ಕಲ್ಲು ಅಲ್ಲೇ ಉಳಿಯಿತು. ಸಂಜೆ ಸಮುದ್ರದ ಬದಿಯಲ್ಲಿ ಅತ್ತೆ ತೆಂಗಿನಕಾಯಿ ತುರಿದು, ಮೆಣಸು ಸುಟ್ಟು, ಒರಳಿನ ಮುಂದೆ ಕುಳಿತು ಕೈ ಚಾಚಿದಾಗಲೇ ನಮಗೆ ವಿಷಯ ತಿಳಿದದ್ದು. ಮರುದಿನ ಹೋಗಿ ಹುಡುಕಿದರೆ ಕಲ್ಲಿರಲಿಲ್ಲ. ಕಳ್ಳರು ಇಷ್ಟು ಬಡವರಾಗಿದ್ದಾರೆಯೇ ಎಂದು ಮರುಗಿದೆವು. ನಿಮ್ಮನ್ನು ಸಂಶಯಿಸುವಷ್ಟು ಕಲ್ಪನೆ ನಮಗಿರಲಿಲ್ಲ.

ಓಣಂ ಕಳೆದ ಮೇಲೆ ಸುಧೀರನ ಮಗಳು ಯಶ್ಮಿತಾ ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋದಳು. ಮನೆಗೆ ಬಂದವಳೇ ಫೋನ್ ತೋರಿಸಿದಳು. “ದೊಡ್ಡಮ್ಮ, ಅಜ್ಜಿಯ ಕಲ್ಲು ಮ್ಯೂಸಿಯಮ್‌ನಲ್ಲುಂಟು!”

ಆ ಭಾನುವಾರವೇ ಅತ್ತೆಯನ್ನು ಕರೆದುಕೊಂಡು ಹೋದೆ. ಫಲಕ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಇತ್ತು. ಕಲ್ಲಿನ ಒಡತಿಗೆ ಓದಲು ಬರುವ ಕನ್ನಡದಲ್ಲಿ ಇರಲಿಲ್ಲ. ನಾನು ಓದಿ ಹೇಳಿದೆ.

“ಕರಿಮೆಣಸಾ? ಅದ್ರಲ್ಲಿ ಕರಿಮೆಣಸು ಅರೆದದ್ದು ನಿನಗೆ ಜ್ವರ ಬಂದಾಗ ಮಾತ್ರ” ಎಂದರು ಅತ್ತೆ. “ಮತ್ತೆಂತ ಬರ್ದಿದ್ದಾರೆ?”

“ಬದಿಯ ಗುರುತು ರಾಜಮುದ್ರೆ ಅಂತೆ.”

ಮಾನ್ಯರೇ, ಆ ಗುರುತು ಸುಧೀರ್ ಹೈಸ್ಕೂಲಿನಲ್ಲಿದ್ದಾಗ ಗುಂಡೆಸೆತದ ಅಭ್ಯಾಸಕ್ಕೆಂದು ಕಲ್ಲನ್ನು ಬೀಸಿ ಬಾವಿಕಟ್ಟೆಗೆ ತಾಗಿಸಿದಾಗ ಚಕ್ಕೆ ಹಾರಿದ್ದು. ಆ ದಿನ ಅವನ ಬೆನ್ನಿಗೂ ಒಂದು ಮುದ್ರೆ ಬಿದ್ದಿತ್ತು. ಅದಕ್ಕೆ ಯಾವ ಶತಮಾನ ಕೊಡುತ್ತೀರಿ?

ಅತ್ತೆ ಗಾಜಿನ ಮೇಲೆ ಕೈಯಿಟ್ಟರು. ಕಾವಲಿಗಿದ್ದ ಪೆರ್ಲ ಕಡೆಯ ಮಹೇಶ್ವರ ಓಡಿ ಬಂದ. “ಅಮ್ಮ, ಮುಟ್ಲಿಕ್ಕಿಲ್ಲ.”

“ನಾನು ಮದುವೆಯಾಗಿ ಬಂದಾಗಿಂದ ಮುಟ್ತಾ ಇದ್ದೇನೆ ಮಾರಾಯ. ನೀನು ಯಾವಾಗಿಂದ ಇಲ್ಲಿ?”

“ಹೋದ ತಿಂಗಳಿಂದ.”

“ಹಾಗಾದ್ರೆ ಸುಮ್ನಿರು. ಇದು ಎಂತ ಹೊಳಿಯುದು? ಎಣ್ಣೆಯಾ?”

“ವಾರ್ನಿಶ್ ಅಮ್ಮ. ಹಾಳಾಗ್ಬಾರ್ದು ಅಂತ.”

“ಅರೆಯುವ ಕಲ್ಲಿಗೆ ವಾರ್ನಿಶಾ!” ಎಂದವರು ಗಾಜಿನಿಂದ ಕೈ ತೆಗೆದು ಹೊರಗೆ ನಡೆದರು.

ನಾನು ಮಿಕ್ಸಿಯವಳೇ. ಹಾಗಾಗಿ ಒಂದು ಕಲ್ಲಿಗಾಗಿ ಇಷ್ಟು ಗಲಾಟೆ ಸರಿಯೇ ಎಂದು ನನ್ನನ್ನೂ ಕೇಳಿಕೊಂಡಿದ್ದೇನೆ. ನಿಮ್ಮ ಫಲಕ ನಿಜವೂ ಇರಬಹುದಲ್ಲ ಎಂದೂ ಯೋಚಿಸಿದೆ. ಅತ್ತೆಗೆ ಅದು ಬಂದದ್ದು ಅವರ ಅತ್ತೆಯಿಂದ, ಅವರಿಗೆ ಎಲ್ಲಿಂದ ಬಂತೋ ಯಾರಿಗೂ ತಿಳಿಯದು. ಹಳೆಯದೇ ಎಂದು ಒಪ್ಪೋಣ. ಆದರೆ ಅದು ಕೆಲಸ ಮಾಡುತ್ತಿದ್ದ ಕಲ್ಲು. ಕೆಲಸದಲ್ಲಿದ್ದದ್ದನ್ನು ಹಿಡಿದು ತಂದು ಅವಶೇಷ ಮಾಡುವುದು ಯಾವ ಬಗೆಯ ಸಂರಕ್ಷಣೆ? ನಿಜವಾದ ಅವಶೇಷಗಳಿಗೆ ನಿಮ್ಮಲ್ಲಿ ಕೊರತೆಯೇನೂ ಇಲ್ಲ. ತೆಂಕುಬದಿಯ ಬುರುಜನ್ನು ಒಂದು ಗೋಳಿಮರ ಸೀಳುತ್ತಿದೆ. ಕೋಟೆಯ ಬಾವಿಯೊಳಗೆ ನೀರಿಗಿಂತ ಬಾಟಲಿ ಹೆಚ್ಚು. ಅವುಗಳಿಗೆ ಗಾಜಿಲ್ಲ, ಬೀಗವಿಲ್ಲ, ಒಂದು ಡಬ್ಬ ವಾರ್ನಿಶೂ ಇಲ್ಲ. ಅವೂ ಯಾರದ್ದಾದರೂ ಟಯರಿನಡಿ ಸಿಕ್ಕಿದ್ದರೆ ನಿಮ್ಮ ಕಣ್ಣಿಗೆ ಬೀಳುತ್ತಿದ್ದವೋ ಏನೋ.

ಅತ್ತೆ ಈಗ ನಾನು ಮಿಕ್ಸಿಯಲ್ಲಿ ಮಾಡಿದ್ದನ್ನು ದೂರದೆ ತಿನ್ನುತ್ತಾರೆ. ಅದೇ ನನಗೆ ಹೆದರಿಕೆ. ಇಷ್ಟು ವರ್ಷ ಉಪ್ಪು ಹೆಚ್ಚು, ಹುಳಿ ಕಡಿಮೆ ಎಂದು ಜಗಳ ತೆಗೆಯುತ್ತಿದ್ದವರು ಈಗ ಬೆಳಿಗ್ಗೆ ಬಂದು ಖಾಲಿ ಒರಳಿನ ಗುಂಡಿಯನ್ನು ಒರೆಸಿ ಹೋಗುತ್ತಾರೆ.

ದಾಖಲೆ ಕೇಳಿದಿರಲ್ಲ, ತರುತ್ತಿದ್ದೇವೆ. ಬರುವ ಭಾನುವಾರ ಅದೇ ವ್ಯಾನಿನಲ್ಲಿ ಒರಳು ಬರುತ್ತದೆ, ಜೊತೆಗೆ ಅತ್ತೆಯೂ ಒಂದು ತೆಂಗಿನಕಾಯಿಯೂ. ನೀವು ಗಾಜು ತೆರೆಸಿ, ವಾರ್ನಿಶ್ ಕೆರೆಸಿ, ಕಲ್ಲನ್ನು ಒರಳಿಗೆ ಇಳಿಸಿ. ಎರಡೂ ಒಂದಕ್ಕೊಂದು ಸರಿಹೊಂದುವಂತೆ ಸವೆದು ಕೂತಂಥವು. ಕೂರದಿದ್ದರೆ ನಾವು ಕ್ಷಮೆ ಕೇಳಿ ಮರಳುತ್ತೇವೆ. ಕೂತರೆ ಕಲ್ಲು ನಮ್ಮದು, ನಿಮಗೆ ಒಂದು ತಟ್ಟೆ ಚಟ್ನಿ. ಪೆಟ್ಟಿಗೆ ಖಾಲಿಯಾಗುವುದೆಂಬ ಚಿಂತೆ ಬೇಡ, ನನ್ನ ಮಿಕ್ಸಿ ಕೊಡುತ್ತೇನೆ.

ಒಂದು ಸೂಚನೆ. ಹ್ಯಾಂಡ್‌ಬ್ರೇಕ್ ಇನ್ನೂ ಸರಿಯಾಗಿಲ್ಲ. ಈ ಸಲ ಟಯರಿಗೆ ಕೊಡಲು ಸುಧೀರ್ ನಮ್ಮ ಹಿತ್ತಿಲಿನಿಂದ ಒಂದು ಕೆಂಪುಕಲ್ಲಿನ ತುಂಡು ತರುತ್ತಾನೆ. ನಾವು ಒಳಗೆ ಬಂದು ಹೊರಗೆ ಹೋಗುವುದರೊಳಗೆ ಅದಕ್ಕೆ ಫಲಕ ಹಾಕಬೇಡಿ.

ಇಂತಿ,
ಹದಿನೇಳನೇ ಶತಮಾನದ ಅತ್ತೆಯೊಂದಿಗೆ ಬಾಳುತ್ತಿರುವ
ತೃಪ್ತಿ, ಬಂದ್ಯೋಡು