ಎರಡು ಸಲ ತಟ್ಟಿದ್ದು

ಅಪ್ಪಾ,

ನೀವು ನೋಡದ ಮೊಮ್ಮಗಳನ್ನು ಎತ್ತಿಕೊಂಡು ಇವತ್ತು ಬೆಳಗ್ಗೆ ಒಂದು ಫ್ರೆಂಚ್ ಕಾರ್ಟೂನ್ ಸಿನಿಮಾಕ್ಕೆ ಹೋಗಿದ್ದೆ. ಮಾತೇ ಇಲ್ಲದ ಸಿನಿಮಾ. ಇವಳ ಅಳುವೊಂದೇ ಕೇಳಿಸೀತೆಂದು ಹೆದರಿ ಬಾಗಿಲ ಪಕ್ಕ ಕೂತಿದ್ದೆ. ಇವಳು ಕಣ್ಣರಳಿಸಿ ನೋಡಿದಳು, ಗೊಣಗಿದವರು ದೊಡ್ಡವರೇ. "ಇವರಿಗೆಲ್ಲ ಬಾಯಿ ಬಿದ್ದುಹೋಗಿದೆಯೇನ್ರೀ?" ಎನ್ನುತ್ತಾ ಒಬ್ಬರು ಎದ್ದೇ ಹೋದರು.

ತೆರೆಯ ಮೇಲೆ ಮುದುಕನೊಬ್ಬ ಮಂಚದ ಅಂಚನ್ನು ಎರಡು ಸಲ ತಟ್ಟಿದ. "ನೀರು ಬೇಕೇನೋ" ಎಂದುಬಿಟ್ಟೆ. ಹಿಂದಿನ ಸಾಲಿನ ಅಜ್ಜಿ ನಕ್ಕರು: "ನೀರಲ್ಲ ಕಣಮ್ಮ, ಬಂದು ಕೂತ್ಕೋ ಅಂತಿದಾನೆ."

ಕಾಯಿಲೆಯಲ್ಲಿ ನಿಮ್ಮ ಮಾತು ನಿಂತ ಮೇಲೆ ನೀವೂ ದಿನಾ ಹಾಗೇ ತಟ್ಟುತ್ತಿದ್ದಿರಿ. ನಾನು ನೀರು ತಂದೆ, ದಿಂಬು ಸರಿಮಾಡಿದೆ, ಡಾಕ್ಟರಿಗೂ ಫೋನ್ ಮಾಡಿದೆ.

ಮಗು ಮಲಗಿದಾಗ ನೀನೂ ಮಲಗು ಅನ್ನುತ್ತಾರೆ ಎಲ್ಲರೂ. ಇವಳೇನೋ ಮಲಗಿದ್ದಾಳೆ. ನಾನು ನಿಮ್ಮ ಖಾಲಿ ಮಂಚದ ಅಂಚಿನಲ್ಲಿ ಕೂತಿದ್ದೇನೆ.