ಗಾಳಿಯ ಓಲೆ ಹಾಕಿದ ಬೀಗ

ಫೆಬ್ರವರಿ ಮೂವತ್ತೊಂದು, ೨೩೪೮
ಕೋಲಾರದ ಹಳೇ ಚಿನ್ನದ ಗಣಿ, ಕೆಳಗೇರಿ

ತಾತನವರಿಗೆ ಲಚ್ಚಮ್ಮನ ನಮಸ್ಕಾರ.

ತಾರೀಕು ನೋಡಿ ನಗಬೇಡಿ, ನಮ್ಮ ಫೆಬ್ರವರಿಯಲ್ಲಿ ಅಷ್ಟು ದಿನಗಳಿವೆ. ನೀವಿನ್ನೂ ಮೀಸೆ ಚಿಗುರಿದ ಹುಡುಗರಿರಬಹುದು; ನನಗೆ ಮಾತ್ರ ಮುತ್ತಾತನ ಮುತ್ತಾತ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಹಿಂದಿನವರಿಗೆ ಕಾಗದ ಕಳಿಸುವ ಅವಕಾಶ ನಮ್ಮಲ್ಲಿ ಮನೆಗೊಂದೇ ಸಲ. ಎಲ್ಲರೂ ಅದರಲ್ಲಿ ಆಶೀರ್ವಾದ ಕೇಳುತ್ತಾರೆ. ನಾನು ಜಗಳಕ್ಕೆ ಬಂದಿದ್ದೇನೆ.

ಮೇಲಿನ ಬಿಸಿಲು ತಾಳಲಾರದೆ ನಮ್ಮವರು ಗಣಿಯೊಳಗೆ ಇಳಿದರು. ಇಲ್ಲಿ ನಮ್ಮನ್ನು ಸಾಕುವುದು ನೀವು ಬರೆದ ಓಡೋಲೆಗಳು; ನೀವು ಕಂಪ್ಯೂಟರಿನ ಸ್ಕ್ರಿಪ್ಟ್ ಅನ್ನುತ್ತೀರಲ್ಲ, ಅವೇ. ಒಂದು ಗಾಳಿ ಅಳೆಯುತ್ತದೆ, ಒಂದು ನೀರೆತ್ತುತ್ತದೆ, ಒಂದು ಸುರಂಗದ ಬಾಗಿಲು ತೆರೆಯುತ್ತದೆ. ಮೂರೂ ಒಟ್ಟಿಗೇ ಓಡುತ್ತವೆ, ಆದರೆ ಲೆಕ್ಕ ಬರೆಯಲು ಮೂರಕ್ಕೂ ಒಂದೇ ಫೈಲು. ಒಂದು ಬರೆಯುವಾಗ ಅದಕ್ಕೆ ಬೀಗ ಹಾಕುತ್ತದೆ. ತೆಗೆಯುವವರೆಗೆ ಉಳಿದವು ಕಾಯಬೇಕು. ಓಲೆಯ ಮೊದಲ ಸಾಲಿನಲ್ಲಿ ನೀವೇ ಬರೆದಿದ್ದೀರಿ, ಬೀಗ ಹಾಕಿದವರೇ ತೆಗೆಯಬೇಕು, ಬೇರೆ ಯಾರೂ ಮುಟ್ಟಬಾರದು ಎಂದು. ನಾಮಕರಣದ ದಿನ ಆ ಸಾಲನ್ನು ನಾವು ಮಗುವಿನ ಕಿವಿಯಲ್ಲಿ ಹೇಳುತ್ತೇವೆ. ನನ್ನ ಮಗಳು ಚೆಲುವಿಯ ಕಿವಿಯಲ್ಲಿ ನಾನೇ ಹೇಳಿದ್ದೆ.

ಇವತ್ತು ಬೆಳಗ್ಗೆ ಅವಳು ನೀರಿನ ಕೊಳವೆ ನೋಡಲು ಬಾಗಿಲಾಚೆ ಹೋದಳು. ಅವಳ ಹಿಂದೆ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಗಾಳಿಯ ಓಲೆ ಬೀಗ ಹಾಕಿತು, ತೆಗೆಯಲೇ ಇಲ್ಲ. ಫೈಲಿನಲ್ಲಿ ಬರೆಯದೆ ಬಾಗಿಲು ತೆರೆಯಲಾಗದ ಬಾಗಿಲಿನ ಓಲೆ ಕಾಯುತ್ತಾ ನಿಂತಿದೆ. ಆಚೆಯ ಗಾಳಿ ಸಂಜೆಯವರೆಗೆ ಸಾಲದು. ಮಗಳು ಕಬ್ಬಿಣದ ಬಾಗಿಲು ತಟ್ಟುತ್ತಿದ್ದಾಳೆ, ನಾನು ಈಚೆ ಕೂತು ಕೇಳುತ್ತಿದ್ದೇನೆ. ಬೀಗವನ್ನು ನಾವೇ ಅಳಿಸೋಣವೆಂದು ಊರ ಹಿರಿಯರಾದ ಮುನಿಶಾಮಣ್ಣನವರ ಕಾಲು ಹಿಡಿದೆ. ಅವರು ಕೆಟ್ಟವರಲ್ಲ, ಅಳುತ್ತಲೇ ಹೇಳಿದರು: ಗಾಳಿಯ ಓಲೆ ಸತ್ತಿದ್ದರೆ ಸರಿ ಲಚ್ಚಮ್ಮಾ, ಬದುಕಿದ್ದು ಇನ್ನೂ ಬರೆಯುತ್ತಿದ್ದರೆ? ಎರಡು ಓಲೆ ಒಂದರ ಮೇಲೊಂದು ಬರೆದು ಫೈಲು ಕೆಟ್ಟರೆ ಊರಿಗೇ ಉಸಿರಿಲ್ಲ. ಅವರ ಮಾತು ನಿಜ ತಾತ, ಸತ್ತಿದೆಯೋ ಬದುಕಿದೆಯೋ ಹೇಳುವ ಒಂದು ಗುರುತೂ ನಿಮ್ಮ ಬೀಗದ ಮೇಲಿಲ್ಲ.

ಅಯ್ಯೋ ತಾತ, ಬೀಗವೇ ಬೇಕಿತ್ತೇ ನಿಮಗೆ? ನಮ್ಮ ಊರಿಗೊಂದೇ ಅಡುಗೆಮನೆ, ಆದರೂ ಅವರವರ ಪಾತ್ರೆ ಅವರವರಿಗೆ. ಬೇಯುವಾಗ ಯಾರೂ ಸೌಟು ಹಾಕುವುದಿಲ್ಲ. ಬೆಂದ ಮೇಲೆ ಇಳಿಸಿ ಮುಂದಿಡುತ್ತಾರೆ, ಅಲ್ಲಿಯವರೆಗೆ ಹಳೆಯದನ್ನೇ ಬಡಿಸಿಕೊಳ್ಳುತ್ತೇವೆ. ಓಲೆಗಳಿಗೂ ಹಾಗೇ ಮಾಡಿ. ಒಂದೊಂದಕ್ಕೂ ಅದರದೇ ಫೈಲು ಕೊಡಿ. ಮರೆಯಲ್ಲಿ ಪೂರ್ತಿ ಬರೆದು, ಒಂದೇ ಏಟಿಗೆ ಹಳೆಯದರ ಜಾಗದಲ್ಲಿ ಇಡಲಿ. ಉಳಿದವು ಓದಿಕೊಳ್ಳಲಿ, ಯಾರೂ ಯಾರಿಗೂ ಕಾಯಬೇಕಿಲ್ಲ. ನಾವೇ ತಿದ್ದೋಣವೆಂದರೆ ಓಲೆ ಓದುವುದಷ್ಟೇ ನಮಗೆ ಗೊತ್ತು, ಬರೆಯುವ ವಿದ್ಯೆ ಉಳಿದಿಲ್ಲ.

ಮುನಿಶಾಮಣ್ಣನವರು ಬೆನ್ನು ತಿರುಗಿಸಿ ನಿಂತಿದ್ದಾರೆ. ಅದೇ ಒಪ್ಪಿಗೆ ಅಂದುಕೊಂಡಿದ್ದೇನೆ. ಈ ಕಾಗದ ಮುಗಿಸಿ ಬೀಗ ಅಳಿಸಲು ಹೋಗುತ್ತೇನೆ, ಊರು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ನೀವು ಅಲ್ಲಿ ತಿದ್ದಿದರೆ ಇಲ್ಲಿ ಅಳಿಸಲು ಬೀಗವೇ ಇರುವುದಿಲ್ಲ. ನಿಮ್ಮ ದಮ್ಮಯ್ಯ, ನಾಳೆ ಮಾಡಿದರಾಯಿತು ಎನ್ನಬೇಡಿ, ಈಗಲೇ ಕೂತು ಬರೆಯಿರಿ. ತಟ್ಟುವ ಸದ್ದು ಮೆಲ್ಲಗಾಗುತ್ತಿದೆ, ತಾತ.

ಚೆಲುವಿಯ ತಾಯಿ,
ಲಚ್ಚಮ್ಮ